ಪಿ.ಜೆ. ಬಡಾವಣೆಯ ಅಕೌಂಟ್ಸ್ ಟ್ಯೂಷನ್: ಸೈನ್ಸ್ ಬಿಟ್ಟು ಬಿ.ಕಾಂಗೆ ಬಂದವರು ಓದಲೇಬೇಕು

ಬಿ.ಕಾಂ ಮೊದಲ ಸೆಮಿಸ್ಟರ್‌ನ ಫೈನಾನ್ಶಿಯಲ್ ಅಕೌಂಟಿಂಗ್‌ಗೆ ದಾವಣಗೆರೆಯಲ್ಲಿ ಟ್ಯೂಷನ್ ಹುಡುಕುತ್ತಿದ್ದೀರಾ? ಅದರಲ್ಲೂ ಪಿಯುಸಿಯಲ್ಲಿ ಸೈನ್ಸ್ ಅಥವಾ ಆರ್ಟ್ಸ್ ಓದಿ, ಈಗ ಕಾಮರ್ಸ್ ಕ್ಲಾಸಲ್ಲಿ ಕೂತು, ಎಲ್ಲರೂ ಬರೆಯುತ್ತಿರುವುದನ್ನು ನೋಡುತ್ತಾ ಇದ್ದೀರಾ? ಹಾಗಿದ್ದರೆ ಪಿ.ಜೆ. ಬಡಾವಣೆಯಲ್ಲಿ ಮೇಡಂ ಒಬ್ಬರು ಮನೆ ಮಹಡಿ ಮೇಲೆ ನಡೆಸುವ ಟ್ಯೂಷನ್‌ಗೆ ಹೋಗಿ. ಬೋರ್ಡ್ ಇಲ್ಲ, ದೊಡ್ಡ ಹೆಸರೂ ಇಲ್ಲ. ಅಕೌಂಟ್ಸ್ ಮೇಡಂ ಮನೆ ಅಂದರೆ ಅಲ್ಲಿನ ಹುಡುಗರೇ ತೋರಿಸುತ್ತಾರೆ. ನಾನು ಒಂದು ಸೆಮಿಸ್ಟರ್ ಪೂರ್ತಿ ಹೋಗಿದ್ದೇನೆ. ಚೆನ್ನಾಗಿದೆ. ಕೆಲವು ಕೊರತೆಗಳೂ ಇವೆ, ಅವನ್ನೂ ಬರೆಯುತ್ತೇನೆ.

ನಾನು ಪಿಯುಸಿಯಲ್ಲಿ ಪಿಸಿಎಂಬಿ ಓದಿದವಳು. ಕಾಲೇಜಿನಲ್ಲಿ ಮುಕ್ಕಾಲು ಪಾಲು ಹುಡುಗರು ಎರಡು ವರ್ಷ ಅಕೌಂಟೆನ್ಸಿ ಓದಿಕೊಂಡೇ ಬಂದಿದ್ದರು, ಹಾಗಾಗಿ ಸರ್ ಶುರುವಿನಲ್ಲೇ ವರ್ಷದ ಕೊನೆಗೆ ಮಾಡುವ ಫೈನಲ್ ಅಕೌಂಟ್ಸ್‌ನ ಅಡ್ಜಸ್ಟ್‌ಮೆಂಟ್‌ಗಳಿಗೆ ಹೋಗಿಬಿಟ್ಟರು. ಜರ್ನಲ್ (ವ್ಯವಹಾರಗಳನ್ನು ಮೊದಲು ಬರೆಯುವ ಪುಸ್ತಕ) ಏನು ಅಂತ ಕೇಳಿದರೆ, ಅದು ಪಿಯುಸಿ ಪಾಠ, ಸ್ನೇಹಿತರ ಹತ್ತಿರ ಕೇಳಿಕೋ ಅಂತ ಉತ್ತರ. ಇದು ನನ್ನೊಬ್ಬಳ ಪಾಡಲ್ಲ. ಸೈನ್ಸ್‌ನಿಂದ ಬಂದ ಹಲವರಿಗೂ ಇದೇ ಆಗುತ್ತದೆ, ಬಾಯಿಬಿಟ್ಟು ಹೇಳುವುದಿಲ್ಲ ಅಷ್ಟೇ. ಮೊದಲು ನಾನು ಹೋದದ್ದು ಬೇರೊಂದು ಟ್ಯೂಷನ್‌ಗೆ. ಅಲ್ಲಿ ಹಳೇ ಪ್ರಶ್ನೆಪತ್ರಿಕೆಯ ಲೆಕ್ಕಗಳನ್ನು ಬೋರ್ಡ್ ಮೇಲೆ ಬಿಡಿಸಿ, ಹಾಗೇ ಇಳಿಸಿಕೊಳ್ಳಿ ಅನ್ನುತ್ತಿದ್ದರು. ಪುಸ್ತಕ ತುಂಬಿತು, ತಲೆಗೆ ಏನೂ ಹೋಗಲಿಲ್ಲ. ಅದನ್ನು ಬಿಟ್ಟು ಇಲ್ಲಿಗೆ ಬಂದೆ.

ಮೇಡಂ ಮೊದಲ ವಾರ ಒಂದೇ ಒಂದು ರೂಲ್ ಹೇಳಲಿಲ್ಲ. ಒಂದು ಬೆಣ್ಣೆ ದೋಸೆ ಹೋಟೆಲ್ ಶುರುಮಾಡೋಣ ಅಂದರು. ಮಾಲೀಕ ಎರಡು ಲಕ್ಷ ಹಾಕಿದ. ಈಗ ಹೋಟೆಲ್‌ಗೆ ಏನು ಬಂತು? ದುಡ್ಡು. ಅದು ಯಾರಿಂದ ಬಂತು? ಮಾಲೀಕನಿಂದ. ಹಾಗಾದರೆ ಹೋಟೆಲ್ ಆ ದುಡ್ಡನ್ನು ಯಾರಿಗೆ ಕೊಡಬೇಕು? ಇಲ್ಲಿ ಇಡೀ ಕ್ಲಾಸ್ ಸುಮ್ಮನಾಯಿತು. ತನ್ನ ಹೋಟೆಲ್‌ಗೆ ತಾನೇ ದುಡ್ಡು ಹಾಕಿದವನಿಗೆ ಹೋಟೆಲ್ ಅದನ್ನು ವಾಪಸ್ ಕೊಡಬೇಕು ಅಂದರೆ ಏನರ್ಥ? ‘ಮಾಲೀಕ ಬೇರೆ, ಹೋಟೆಲ್ ಬೇರೆ ಕಣ್ರಪ್ಪಾ, ಇದೊಂದು ತಲೇಲಿ ಕೂತರೆ ಅರ್ಧ ಅಕೌಂಟ್ಸ್ ಕೂತ ಹಾಗೆ’ ಅಂದರು. ಬ್ಯಾಲೆನ್ಸ್ ಶೀಟಿನಲ್ಲಿ (ಆಸ್ತಿ ಮತ್ತು ಹೊಣೆಗಳ, ಅಂದರೆ ಕೊಡಬೇಕಾದ್ದರ ಪಟ್ಟಿಯಲ್ಲಿ) ಬಂಡವಾಳ ಯಾಕೆ ಸಾಲದ ಪಕ್ಕದಲ್ಲಿ, ಹೊಣೆಗಳ ಕಡೆ ಕೂರುತ್ತದೆ ಅನ್ನುವುದು ನನಗೆ ಆವತ್ತು ಅರ್ಥವಾಯಿತು. ಕಾಲೇಜಲ್ಲಿ ಅದನ್ನು ಫಾರ್ಮ್ಯಾಟ್ ಅಂತ ಬರೆಸಿದ್ದರು, ಕಾರಣ ಹೇಳಿರಲಿಲ್ಲ.

ಆಮೇಲೆ ಅದೇ ಹೋಟೆಲ್ ಬೆಳೆಯುತ್ತಾ ಹೋಯಿತು. ದೋಸೆ ಹಂಚು ತಂದರು, ಅದು ಆಸ್ತಿ, ವರ್ಷಗಟ್ಟಲೆ ಬಾಳುತ್ತದೆ. ಬೆಣ್ಣೆ, ಸೌದೆ, ಆಲೂಗಡ್ಡೆ ತಂದರು, ಅದು ಈ ವರ್ಷದ ಖರ್ಚು. ಮಾಲೀಕ ಹೋಟೆಲ್‌ನ ಎರಡು ಕೆಜಿ ಬೆಣ್ಣೆ ಮನೆಗೆ ಒಯ್ದ. ಅದು ಖರ್ಚಲ್ಲ, ಡ್ರಾಯಿಂಗ್ಸ್, ಅವನ ಬಂಡವಾಳದಿಂದಲೇ ಕಳೆಯಬೇಕು. ಹಂಚನ್ನು ತಪ್ಪಾಗಿ ಖರೀದಿ ಖಾತೆಗೆ ಬರೆದರೆ ಈ ವರ್ಷ ಲಾಭ ಕಡಿಮೆ ಕಾಣುತ್ತದೆ, ಆಸ್ತಿಯೂ ಕಡಿಮೆ ಕಾಣುತ್ತದೆ. ಇಷ್ಟೆಲ್ಲ ಆದಮೇಲೆ ಪರ್ಸನಲ್ (ವ್ಯಕ್ತಿ), ರಿಯಲ್ (ಆಸ್ತಿ), ನಾಮಿನಲ್ (ಖರ್ಚು, ಆದಾಯ) ಖಾತೆಗಳ ಮೂರು ರೂಲ್ ಹೇಳಿಕೊಟ್ಟರು. ಅಷ್ಟೊತ್ತಿಗೆ ಅವು ಬಾಯಿಪಾಠ ಮಾಡುವ ವಿಷಯವಾಗಿ ಉಳಿದಿರಲಿಲ್ಲ, ನಾವೇ ಆಗಲೇ ಮಾಡುತ್ತಿದ್ದ ಕೆಲಸಕ್ಕೆ ಹೆಸರಿಟ್ಟ ಹಾಗೆ ಅನಿಸಿತು. ಇಟಲಿಯ ಲೂಕಾ ಪಚಿಯೋಲಿ 1494ರಲ್ಲಿ ಪ್ರತಿ ವ್ಯವಹಾರವನ್ನೂ ಡೆಬಿಟ್, ಕ್ರೆಡಿಟ್ ಎರಡೂ ಕಡೆ ಬರೆಯುವ ಈ ಜೋಡಿ ಲೆಕ್ಕದ ಪದ್ಧತಿಯನ್ನು ಅಚ್ಚು ಹಾಕಿಸಿದ್ದು, ಅವನೇನೂ ಅದನ್ನು ಕಂಡುಹಿಡಿದವನಲ್ಲ, ವೆನಿಸ್‌ನ ವ್ಯಾಪಾರಿಗಳು ಬರೆಯುತ್ತಿದ್ದ ಕ್ರಮವನ್ನೇ ದಾಖಲು ಮಾಡಿದ ಅಂತ ಮಧ್ಯೆ ಒಂದು ಮಾತು ಹೇಳಿದರು. ವ್ಯಾಪಾರ ಮೊದಲು, ರೂಲ್ ಆಮೇಲೆ. ಮೇಡಂ ಪಾಠ ಮಾಡುವುದೂ ಅದೇ ಕ್ರಮದಲ್ಲಿ.

ಟ್ರಯಲ್ ಬ್ಯಾಲೆನ್ಸ್ (ಎಲ್ಲ ಖಾತೆಗಳ ಡೆಬಿಟ್, ಕ್ರೆಡಿಟ್ ಮೊತ್ತಗಳ ಪಟ್ಟಿ) ಪಾಠ ನನಗೆ ತುಂಬಾ ಇಷ್ಟವಾಯಿತು. ಎರಡೂ ಕಡೆ ಕೂಡಿಸಿದಾಗ ಟ್ಯಾಲಿ ಆಗದಿದ್ದರೆ ನಾವೆಲ್ಲ ಮೊದಲಿನಿಂದ ಮತ್ತೆ ಕೂಡಿಸಲು ಶುರು ಮಾಡುತ್ತೇವೆ. ಮೇಡಂ ಅದನ್ನು ನಿಲ್ಲಿಸಿದರು. ಮೊದಲು ವ್ಯತ್ಯಾಸ ಎಷ್ಟು ನೋಡಿ ಅಂದರು. ಅದು 9ರಿಂದ ಭಾಗವಾದರೆ ಅಂಕಿ ಅದಲುಬದಲಾಗಿರಬಹುದು. 4,500 ಬರೆಯುವ ಕಡೆ 5,400 ಬರೆದರೆ ವ್ಯತ್ಯಾಸ 900 ಬರುತ್ತದೆ. ಇಲ್ಲದಿದ್ದರೆ ವ್ಯತ್ಯಾಸದ ಅರ್ಧದಷ್ಟು ಮೊತ್ತ ಯಾವುದಾದರೂ ಖಾತೆಯಲ್ಲಿ ಇದೆಯಾ ಹುಡುಕಿ, ಅದು ಡೆಬಿಟ್ ಬದಲು ಕ್ರೆಡಿಟ್ ಕಡೆ ಹೋಗಿ ಕೂತಿರಬಹುದು. ಇನ್ನೊಂದು ಮುಖ್ಯ ಮಾತು: ಟ್ಯಾಲಿ ಆದ ಮಾತ್ರಕ್ಕೆ ಲೆಕ್ಕ ಸರಿ ಅಂತಲ್ಲ. ಒಂದು ವ್ಯವಹಾರವನ್ನು ಬರೆಯುವುದನ್ನೇ ಮರೆತರೂ ಎರಡೂ ಕಡೆ ಸಮ ಇರುತ್ತದೆ. ಹಂಚನ್ನು ಖರೀದಿಗೆ ಬರೆದರೂ ಸಮವೇ ಇರುತ್ತದೆ. ಇದನ್ನು ಹೇಳಿ, ಬೇಕಂತಲೇ ತಪ್ಪು ತುಂಬಿದ ಒಂದು ಟ್ರಯಲ್ ಬ್ಯಾಲೆನ್ಸ್ ಕೊಟ್ಟು ಹುಡುಕಲು ಬಿಟ್ಟರು. ಅಷ್ಟು ಖುಷಿಯಾಗಿ ನಾನು ಯಾವ ಲೆಕ್ಕವನ್ನೂ ಮಾಡಿಲ್ಲ.

ನಮ್ಮೂರಿನ ಉದಾಹರಣೆ ಕೊಡುವುದರಲ್ಲಿ ಮೇಡಂ ಹತ್ತಿರ ಯಾರೂ ಬರಲಾರರು. ಸ್ಟಾಕ್ ಬೆಲೆ ಕಟ್ಟುವ ಪಾಠಕ್ಕೆ ಮೆಕ್ಕೆಜೋಳ ತೆಗೆದುಕೊಂಡರು. ಕ್ವಿಂಟಲ್‌ಗೆ 2,200ರಂತೆ 100 ಕ್ವಿಂಟಲ್ ಕೊಂಡಿದ್ದೀರಿ, ಲಾರಿ ಬಾಡಿಗೆ ಮತ್ತು ಹಮಾಲಿ ಸೇರಿ 6,000 ಆಯಿತು. ಒಂದು ಕ್ವಿಂಟಲ್ ನಿಮಗೆ ಬಿದ್ದದ್ದು 2,260. ಮಾರ್ಚ್ 31ಕ್ಕೆ 30 ಕ್ವಿಂಟಲ್ ಗೋದಾಮಿನಲ್ಲೇ ಉಳಿದಿದೆ, ಆದರೆ ರೇಟ್ ಇಳಿದು ಮಾರಿದರೆ ಕೈಗೆ ಸಿಗುವುದು 2,050 ಮಾತ್ರ. ಹಾಗಾದರೆ ಸ್ಟಾಕ್ ಬೆಲೆ 67,800 ಬರೆಯುವ ಹಾಗಿಲ್ಲ, 61,500 ಬರೆಯಬೇಕು. ಆ 6,300 ನಷ್ಟವನ್ನು ಈ ವರ್ಷವೇ ಒಪ್ಪಿಕೊಳ್ಳಬೇಕು. ಸರಿ ಮೇಡಂ, ರೇಟ್ 2,500ಕ್ಕೆ ಏರಿದ್ದರೆ? ಆಗಲೂ 67,800 ಅಷ್ಟೇ, ಮಾರದೆ ಲಾಭ ಬರೆಯಬಾರದು. ನನ್ನ ಪಕ್ಕ ಕೂರುತ್ತಿದ್ದ ಹುಡುಗನ ಮನೆಯವರು ಜೋಳದ ವ್ಯಾಪಾರದವರು. ಅವನು ‘ಇದು ಅನ್ಯಾಯ ಅಲ್ವಾ ಮೇಡಂ, ಇಳಿದರೆ ಬರೀಬೇಕು, ಏರಿದರೆ ಬರೀಬಾರದಾ?’ ಅಂತ ಕೇಳಿಯೇಬಿಟ್ಟ. ಮೇಡಂ ಆವತ್ತಿನ ಲೆಕ್ಕ ಪಕ್ಕಕ್ಕಿಟ್ಟು ಅದನ್ನೇ ಮಾತಾಡಿದರು. ಏರಿದ ರೇಟನ್ನು ನಂಬಿ ಲಾಭ ತೋರಿಸಿ, ಆ ಲಾಭದ ದುಡ್ಡನ್ನು ಮನೆಗೆ ಒಯ್ದು, ಆಮೇಲೆ ರೇಟ್ ಬಿದ್ದರೆ ಸಾಲ ಕೊಟ್ಟವರ ಗತಿ ಏನು ಅಂತ ವಿವರಿಸಿದರು. ಪಾಠ ಅಂದರೆ ಹೀಗಿರಬೇಕು.

ಕನ್‌ಸೈನ್‌ಮೆಂಟ್ (ಕಮಿಷನ್ ಮೇಲೆ ಮಾರಿಕೊಡಲು ಬೇರೆಯವರಿಗೆ ಮಾಲು ಕಳಿಸುವುದು) ಕೂಡ ಹಾಗೇ. ಬೇರೆ ಕಡೆ ಆ ಪಾಠಕ್ಕೆ ಮುಂಬೈನಿಂದ ಚೆನ್ನೈಗೆ ಪೆಟ್ಟಿಗೆ ಕಳಿಸುವ ಲೆಕ್ಕ ಇರುತ್ತದೆ, ಯಾಕೆ ಕಳಿಸಿದರು, ಯಾರ ಮಾಲು ಅಂತಲೇ ಗೊತ್ತಾಗುವುದಿಲ್ಲ. ಇಲ್ಲಿ ದಲಾಲಿ ಅಂಗಡಿಯಿಂದ ಶುರು. ರೈತ ಎಪಿಎಂಸಿಗೆ ಮಾಲು ತಂದು ದಲಾಲಿ ಅಂಗಡಿ ಮುಂದೆ ಇಳಿಸಿದ. ಮಾಲು ಇನ್ನೂ ರೈತನದೇ. ಮಾರಾಟ ಆಗುವವರೆಗೂ ದಲಾಲರ ಪುಸ್ತಕದಲ್ಲಿ ಅದು ಖರೀದಿ ಅಲ್ಲ, ಸ್ಟಾಕ್ ಅಲ್ಲ. ಅವರಿಗೆ ಸಿಗುವುದು ಕಮಿಷನ್ ಮಾತ್ರ. ಇದೇ ಸಂಬಂಧವನ್ನು ಎರಡು ಊರಿನ ವ್ಯಾಪಾರಿಗಳ ನಡುವೆ ಇಟ್ಟರೆ ಅದೇ ಕನ್‌ಸೈನ್‌ಮೆಂಟ್. ಉದ್ರಿ ಕೊಟ್ಟ ಗಿರಾಕಿ ಕೈ ಎತ್ತಿದರೆ ಆ ನಷ್ಟ ಯಾರಿಗೆ? ಮಾಲು ಕಳಿಸಿದವನಿಗೆ. ಆದರೆ ಏಜೆಂಟ್ ಡೆಲ್ ಕ್ರೆಡೆರೆ ಅನ್ನುವ ಹೆಚ್ಚಿನ ಕಮಿಷನ್ ತೆಗೆದುಕೊಂಡಿದ್ದರೆ ನಷ್ಟ ಏಜೆಂಟಿನದು. ಎಪಿಎಂಸಿ ಕಡೆ ಓಡಾಡಿದ ದಾವಣಗೆರೆ ಹುಡುಗರಿಗೆ ಇದನ್ನು ಎರಡನೇ ಸಲ ಹೇಳಬೇಕಾಗಲಿಲ್ಲ.

ಇನ್ನೊಂದು ವಿಷಯ. ‘ಲಾಭ ಇದೆ ಅಂತೀರಾ, ಗಲ್ಲಾದಲ್ಲಿ ದುಡ್ಡೇ ಇಲ್ಲವಲ್ಲ?’ ಅನ್ನುವ ಪ್ರಶ್ನೆಯನ್ನು ಸೆಮಿಸ್ಟರ್ ಪೂರ್ತಿ ಮತ್ತೆ ಮತ್ತೆ ಎತ್ತುತ್ತಿದ್ದರು. ತಿಂಗಳಿಗೆ 8,000 ಬಾಡಿಗೆ, ಕಟ್ಟಿದ್ದು ಹನ್ನೊಂದು ತಿಂಗಳದು, 88,000. ಲಾಭ ನಷ್ಟದಲ್ಲಿ ಬರೆಯಬೇಕಾದ್ದು 96,000, ಬಾಕಿ 8,000 ಹೊಣೆ. ಜನವರಿ 1ಕ್ಕೆ ವರ್ಷದ ಇನ್ಶೂರೆನ್ಸ್ 12,000 ಕಟ್ಟಿದರೆ ಮಾರ್ಚ್ 31ರವರೆಗಿನ ಮೂರು ತಿಂಗಳದು, 3,000 ಮಾತ್ರ ಈ ವರ್ಷದ ಖರ್ಚು, ಉಳಿದ 9,000 ಇನ್ನೂ ನಮ್ಮ ಆಸ್ತಿ. ಸವಕಳಿಯಲ್ಲಿ (ಹಂಚಿನಂಥ ಆಸ್ತಿ ಸವೆದು ಬೆಲೆ ಇಳಿಯುವುದು) ದುಡ್ಡು ಕೈಬಿಟ್ಟು ಹೋಗುವುದೇ ಇಲ್ಲ, ಆದರೂ ಲಾಭ ಕಡಿಮೆಯಾಗುತ್ತದೆ. ಕಾಲೇಜಿನಲ್ಲಿ ನನ್ನನ್ನು ಹೆದರಿಸಿದ್ದ ಅಡ್ಜಸ್ಟ್‌ಮೆಂಟ್‌ಗಳು ಅಂದರೆ ಇವೇ.

ಈಗ ಕೊರತೆಗಳು. ಜಿಎಸ್‌ಟಿ ಬಂದದ್ದು 2017ರ ಜುಲೈ 1ಕ್ಕೆ. ಇಷ್ಟು ವರ್ಷ ಆದರೂ ಇಲ್ಲಿನ ಲೆಕ್ಕಗಳಲ್ಲಿ ತೆರಿಗೆಯೇ ಇರುವುದಿಲ್ಲ. 18 ಪರ್ಸೆಂಟ್ ಇರುವ 10,000 ರೂಪಾಯಿ ಮಾಲನ್ನು ಕರ್ನಾಟಕದ ಒಳಗೇ ಉದ್ರಿ ಕೊಂಡರೆ ಖರೀದಿ 10,000, ಕೇಂದ್ರದ ಪಾಲಿನ ಸಿಜಿಎಸ್‌ಟಿ 900, ರಾಜ್ಯದ ಪಾಲಿನ ಎಸ್‌ಜಿಎಸ್‌ಟಿ 900, ಮಾರಿದವರಿಗೆ ಕೊಡಬೇಕಾದ್ದು 11,800 ಅಂತ ಕೊನೇ ವಾರದಲ್ಲಿ ತರಾತುರಿಯಲ್ಲಿ ಹೇಳಿ ಮುಗಿಸಿದರು. ಹೊರರಾಜ್ಯದಿಂದ ತಂದರೆ ಐಜಿಎಸ್‌ಟಿ ಅನ್ನುವುದನ್ನು ನಾವೇ ಕೇಳಿ ತಿಳಿದುಕೊಳ್ಳಬೇಕಾಯಿತು. ಅಂಗಡಿಯಲ್ಲಿ ಕೆಲಸಕ್ಕೆ ಸೇರಿದ ಮೊದಲ ದಿನವೇ ಬೇಕಾಗುವ ವಿಷಯ ಇದು, ಇದಕ್ಕೆ ಒಂದು ವಾರವಾದರೂ ಕೊಡಬೇಕು.

ಕಂಪ್ಯೂಟರ್ ಇಲ್ಲ. ಲೆಕ್ಕ ಬರೆಯುವ ಸಾಫ್ಟ್‌ವೇರ್ ಟ್ಯಾಲಿ ಕಲಿಸುವುದಿಲ್ಲ. ಎಫ್5 ಕೀ ಒತ್ತಿದರೆ ಪೇಮೆಂಟ್, ಎಫ್6 ರಿಸೀಟ್, ಎಫ್7 ಜರ್ನಲ್ ಅಂತ ಬೇರೆ ಕಡೆ ಹೋಗಿಯೇ ಕಲಿಯಬೇಕು. ಕೈಯಲ್ಲಿ ಲೆಡ್ಜರ್ (ಖಾತೆ ಪುಸ್ತಕ) ಬರೆದವರಿಗೆ ಟ್ಯಾಲಿ ಬೇಗ ಹತ್ತುತ್ತದೆ ಅಂತ ಮೇಡಂ ಹೇಳುತ್ತಾರೆ, ಆ ಮಾತು ನಿಜ, ನನಗೆ ಹಾಗೇ ಆಯಿತು. ಆದರೂ ನಮ್ಮ ಊರಿನಲ್ಲಿ ಅಕೌಂಟ್ಸ್ ಕೆಲಸ ಕೇಳಿಕೊಂಡು ಹೋದರೆ ಮೊದಲು ಕೇಳುವುದೇ ಟ್ಯಾಲಿ ಬರುತ್ತಾ ಅಂತ.

ಟೈಮಿಂಗ್ ಇನ್ನೊಂದು ತೊಂದರೆ. ಸಂಜೆ ಆರೂವರೆಯಿಂದ ಎಂಟು. ಹರಿಹರದವರು ಹೇಗೋ ಬಸ್ ಹಿಡಿಯುತ್ತಾರೆ. ಜಗಳೂರು ಕಡೆಯಿಂದ ಬರುವವರು ಅರ್ಧಕ್ಕೇ ಎದ್ದು ಹೋಗುತ್ತಿದ್ದರು, ಲೆಕ್ಕದ ಕೊನೆಯ ಭಾಗ ಅವರಿಗೆ ಯಾವತ್ತೂ ಸಿಗಲಿಲ್ಲ. ಬೆಳಿಗ್ಗೆ ಒಂದು ಬ್ಯಾಚ್ ಮಾಡಿ ಅಂತ ನಾವು ಕೇಳಿದೆವು, ಇನ್ನೂ ಆಗಿಲ್ಲ. ಕೂರುವ ಜಾಗವೂ ಇಕ್ಕಟ್ಟು. ಲೇಟಾಗಿ ಹೋದರೆ ಬಾಗಿಲ ಹತ್ತಿರ, ತೊಡೆಯ ಮೇಲೆ ಪುಸ್ತಕ ಇಟ್ಟು ಬರೆಯಬೇಕು. ಅಕೌಂಟ್ಸ್‌ನಲ್ಲಿ ಅಡ್ಡಡ್ಡ ದೊಡ್ಡ ಫಾರ್ಮ್ಯಾಟ್ ಎಳೆಯುವವರಿಗೆ ಇದು ಸಣ್ಣ ಕಷ್ಟವಲ್ಲ.

ಕನ್ನಡ ಮೀಡಿಯಂನವರು ಧೈರ್ಯವಾಗಿ ಸೇರಬಹುದು. ಪಾಠ ಪೂರ್ತಿ ಕನ್ನಡದಲ್ಲೇ ನಡೆಯುತ್ತದೆ, ಬೋರ್ಡ್ ಮೇಲೆ ಬರೆಯುವುದು ಇಂಗ್ಲಿಷಿನಲ್ಲಿ. ಯಾರಾದರೂ ಋಣಿ (ನಮಗೆ ಕೊಡಬೇಕಾದವರು), ಧನಿ (ನಾವು ಕೊಡಬೇಕಾದವರು) ಅಂತ ಕೇಳಿದರೆ ಅದೇ ಮಾತಿನಲ್ಲೇ ಉತ್ತರ ಕೊಡುತ್ತಾರೆ. ಡೌಟ್ ಕೇಳಿದರೆ ಒಂದು ದಿನವೂ ಗದರಿದ್ದನ್ನು ನಾನು ನೋಡಿಲ್ಲ. ಅದೇ ಡೌಟನ್ನು ಮತ್ತೊಬ್ಬರು ಕೇಳಿದರೂ ಅಷ್ಟೇ ಸಮಾಧಾನ. ಕಾಲೇಜಿನಲ್ಲಿ ಕೈ ಎತ್ತಲು ಹೆದರುತ್ತಿದ್ದ ನನ್ನಂಥ ಎಷ್ಟೋ ಹುಡುಗಿಯರು ಇಲ್ಲಿ ಬೋರ್ಡ್ ಹತ್ತಿರ ಹೋಗಿ ಎಂಟ್ರಿ ಬರೆದಿದ್ದಾರೆ. ನನ್ನ ಮಟ್ಟಿಗೆ ಕೊಟ್ಟ ಫೀಸ್‌ಗೆ ಇದೊಂದೇ ಸಾಕು.

ಫೀಸ್ ಸೆಮಿಸ್ಟರ್‌ಗೆ 4,500. ಎರಡು ಕಂತಿನಲ್ಲಿ ಕಟ್ಟಬಹುದು. ನಾನು ವಿಚಾರಿಸಿದ ದೊಡ್ಡ ಸೆಂಟರ್‌ಗಳಿಗಿಂತ ಕಡಿಮೆಯೇ.

ಪರೀಕ್ಷೆಗೆ ಒಂದು ತಿಂಗಳು ಇರುವಾಗ ಹೋಗಿ ಪಾಸಾಗುವಷ್ಟು ಹೇಳಿಕೊಡಿ ಅನ್ನುವವರಿಗೆ ಈ ಜಾಗ ಅಲ್ಲ. ಮೇಡಂ ಸೇರಿಸಿಕೊಳ್ಳುವುದೂ ಇಲ್ಲ, ಸೇರಿಸಿಕೊಂಡರೂ ನಿಮಗೆ ತಲೆಬುಡ ತಿಳಿಯುವುದಿಲ್ಲ, ಯಾಕೆಂದರೆ ಪ್ರತಿ ಪಾಠವೂ ಮೊದಲ ವಾರದ ಆ ಹೋಟೆಲ್ ಮೇಲೆಯೇ ನಿಂತಿದೆ. ಕಾಲೇಜು ಶುರುವಾದ ವಾರವೇ ಹೋಗಿ ಕೇಳಿ. ಒಂದು ಕ್ಲಾಸ್ ಕೂತು ನೋಡಿ ಆಮೇಲೆ ಫೀಸ್ ಕಟ್ಟುತ್ತೇನೆ ಅಂದರೂ ಒಪ್ಪುತ್ತಾರೆ. ಹೋಗುವಾಗ ಎರಡು ಲಾಂಗ್ ಬುಕ್, ಒಂದು ಸ್ಕೇಲ್, 12 ಅಂಕಿಯ ಸಾದಾ ಕ್ಯಾಲ್ಕುಲೇಟರ್ ತೆಗೆದುಕೊಂಡು ಹೋಗಿ. ಕ್ಲಾಸಲ್ಲಿ ಫೋನ್ ಹೊರಗೆ ತೆಗೆಯಲು ಬಿಡುವುದಿಲ್ಲ.