ಸೃಜನ್ ಪೋರ್ಟಲ್ ವಿಮರ್ಶೆ: ಬೈಕಂಪಾಡಿಯ ಲೇತ್‌ಗೆ ರಕ್ಷಣಾ ಕೆಲಸ ದಕ್ಕುತ್ತದೆಯೇ?

ದೇಶಗಳು ಶಸ್ತ್ರಾಸ್ತ್ರ ತಯಾರಿಕೆ ಹೆಚ್ಚಿಸಬೇಕೋ ಬೇಡವೋ ಎಂಬ ವಾದದಲ್ಲಿ ಎರಡೂ ಕಡೆಯವರು ಒಂದು ಮಾತನ್ನು ಪರೀಕ್ಷಿಸದೆ ಒಪ್ಪಿಬಿಡುತ್ತಾರೆ: ಸರಕಾರ ಮನಸ್ಸು ಮಾಡಿದರೆ ತಯಾರಿಕೆ ಹೆಚ್ಚುತ್ತದೆ ಅಂತ. ಹೆಚ್ಚಿಸಬೇಕಾದವರು ಯಾರು? ಕೊನೆಗೆ ಬುಷ್ (ಶಾಫ್ಟು ಒಳಗೆ ತಿರುಗುವ ಟೊಳ್ಳು ಬಳೆ) ಕೊರೆಯುವವ, ಸೀಲ್ ಅಚ್ಚು ಹೊಯ್ಯುವವ, ಬ್ರಾಕೆಟ್ ಬಗ್ಗಿಸುವವ. ಅವರನ್ನು ಸೇನೆಯ ಅಗತ್ಯಕ್ಕೆ ಜೋಡಿಸಲೆಂದೇ ರಕ್ಷಣಾ ಉತ್ಪಾದನಾ ಇಲಾಖೆ 2020ರ ಆಗಸ್ಟ್‌ನಲ್ಲಿ ಸೃಜನ್ ಪೋರ್ಟಲ್ ತೆರೆಯಿತು. ಮಂಗಳೂರಿನ ಬೈಕಂಪಾಡಿ ಕೈಗಾರಿಕಾ ಪ್ರದೇಶದಲ್ಲಿ ಒಂದೆರಡು ಸಿಎನ್‌ಸಿ (ಕಂಪ್ಯೂಟರ್ ನಡೆಸುವ) ಯಂತ್ರ ಇಟ್ಟುಕೊಂಡು ದೋಣಿಯ ಶಾಫ್ಟು, ಗೇರುಬೀಜ ಯಂತ್ರದ ಭಾಗ, ಫಿಶ್‌ಮೀಲ್ ಘಟಕದ ರಿಪೇರಿ ಮಾಡಿಕೊಂಡಿರುವ ವರ್ಕ್‌ಶಾಪಿಗೆ ಇದರಿಂದ ಎಷ್ಟು ಉಪಯೋಗ ಎನ್ನುವುದೇ ಇಲ್ಲಿನ ಪ್ರಶ್ನೆ.

ಮೊದಲು ಒಳ್ಳೆಯದು ಹೇಳೋಣ. ಇದುವರೆಗೆ ಹೊರದೇಶದಿಂದ ತರಿಸುತ್ತಿದ್ದ ಬಿಡಿಭಾಗಗಳನ್ನು ರಕ್ಷಣಾ ಸಾರ್ವಜನಿಕ ಉದ್ಯಮಗಳು ಮತ್ತು ಸೇನಾಪಡೆಗಳು ಇಲ್ಲಿ ಪಟ್ಟಿ ಮಾಡುತ್ತವೆ. 2025ರ ಫೆಬ್ರವರಿ ಹೊತ್ತಿಗೆ 38,000ಕ್ಕೂ ಹೆಚ್ಚು ವಸ್ತುಗಳು ಪಟ್ಟಿಯಲ್ಲಿದ್ದವು, 14,000ಕ್ಕೂ ಹೆಚ್ಚು ದೇಶದಲ್ಲೇ ತಯಾರಾಗಿದ್ದವು. ಹಿಂದೆ ಇಂಥ ಮಾಹಿತಿ ಬೇಕಿದ್ದರೆ ಬೆಂಗಳೂರಿನಲ್ಲಿ ಪರಿಚಯದವರನ್ನು ಹಿಡಿದು ಕಚೇರಿಯಿಂದ ಕಚೇರಿಗೆ ಅಲೆಯಬೇಕಿತ್ತು. ಈಗ ಪಣಂಬೂರಿನಲ್ಲಿ ಕೂತವನಿಗೂ ಬೆಂಗಳೂರಿನ ಪೀಣ್ಯದಲ್ಲಿ ಕೂತವನಿಗೂ ಒಂದೇ ಪಟ್ಟಿ. ಅಷ್ಟು ಮಟ್ಟಿಗೆ ಇದು ದೊಡ್ಡ ಬದಲಾವಣೆಯೇ.

ಆದರೆ ಪಟ್ಟಿಯಲ್ಲಿ ಇರುವುದು ಆರ್ಡರ್ ಅಲ್ಲ, ಆಸಕ್ತಿ ತೋರಿಸಲು ಆಹ್ವಾನ ಅಷ್ಟೇ. ಬಟನ್ ಒತ್ತಿದ ಮೇಲೆ ಸಂಬಂಧಪಟ್ಟ ಸಂಸ್ಥೆಯ ಜತೆ ಪತ್ರವ್ಯವಹಾರ, ಆಮೇಲೆ ಟೆಂಡರ್, ಮೊದಲ ಮಾದರಿಯ ತಪಾಸಣೆ, ಇವೆಲ್ಲ ಪೋರ್ಟಲಿನ ಹೊರಗೆ ನಡೆಯುವ ಕೆಲಸ. ಹೊಸಬರು ಎಡವುವುದು ಇಲ್ಲೇ.

ಲೆಕ್ಕ ಹಾಕುವ ಕ್ರಮ ಹೀಗೆ. ಪಟ್ಟಿಯಲ್ಲಿ ಹಿಂದಿನ ಆಮದಿನ ಪ್ರಮಾಣ ಮತ್ತು ಮೌಲ್ಯ ಕೊಟ್ಟಿದ್ದರೆ ಮೊದಲು ಮೌಲ್ಯವನ್ನು ಪ್ರಮಾಣದಿಂದ ಭಾಗಿಸಿ. ಐದು ವರ್ಷಕ್ಕೆ 60 ತುಂಡು, ಒಟ್ಟು 9 ಲಕ್ಷ ರೂಪಾಯಿ ಎಂದಿಟ್ಟುಕೊಳ್ಳಿ. ತುಂಡಿಗೆ 15,000 ಎಂದು ಕಂಡಾಗ ಕಣ್ಣರಳುತ್ತದೆ. ವರ್ಷಕ್ಕೆ ಬರುವುದು 12 ತುಂಡು, 1.8 ಲಕ್ಷದ ವ್ಯಾಪಾರ. ಫಿಕ್ಸ್ಚರ್ (ಭಾಗವನ್ನು ಯಂತ್ರದಲ್ಲಿ ಹಿಡಿದಿಡುವ ಚೌಕಟ್ಟು), ಅಳತೆಯ ಗೇಜು, ಲ್ಯಾಬ್ ಪರೀಕ್ಷೆ, ತಿರಸ್ಕೃತವಾಗುವ ಮೊದಲ ಕೆಲವು ತುಂಡುಗಳು ಎಲ್ಲ ಸೇರಿ 2 ಲಕ್ಷ ದಾಟಿದರೆ ಮೊದಲ ವರ್ಷದ ಬಿಲ್ಲಿನ ಹಣ ಪೂರ್ತಿ ಬಂದರೂ ಕೈಯಿಂದ ಹಾಕಿದ್ದು ಹುಟ್ಟುವುದಿಲ್ಲ. ಹೊರದೇಶದ ಕಂಪನಿಗೆ ಆ ದರ ಕೊಟ್ಟ ಖರೀದಿದಾರ ನಿಮ್ಮಿಂದ ಅದಕ್ಕಿಂತ ಕಡಿಮೆಯನ್ನೇ ನಿರೀಕ್ಷಿಸುತ್ತಾನೆ ಎನ್ನುವುದನ್ನೂ ಸೇರಿಸಿಕೊಳ್ಳಿ. ಹಾಗಾಗಿ ಒಂಟಿ ಭಾಗಕ್ಕೆ ಕೈ ಹಾಕಬೇಡಿ. ಒಂದೇ ವಸ್ತು, ಒಂದೇ ಫಿಕ್ಸ್ಚರ್‌ನಲ್ಲಿ ಮುಗಿಯುವ ಏಳೆಂಟು ಅಳತೆಯ ಬುಷ್‌ಗಳೋ ಸ್ಪೇಸರ್‌ಗಳೋ ಸಿಕ್ಕರೆ ಮಾತ್ರ ಗಿಟ್ಟುತ್ತದೆ.

ಡ್ರಾಯಿಂಗ್ ಇಲ್ಲದ ಭಾಗಗಳೂ ಬರುತ್ತವೆ, ಆಗ ಸ್ಯಾಂಪಲ್ ನೋಡಿಯೇ ಮಾಡಬೇಕು. ಅಪಾಯ ಹೆಚ್ಚಿರುವುದು ಇಲ್ಲಿ. ತೂತು, ಶಾಫ್ಟುಗಳ ಅಳತೆ ಎಷ್ಟು ಆಚೀಚೆ ಆಗಬಹುದೆಂದು ಹೇಳಲು ಎಚ್7, ಜಿ6 ಎಂಬಂಥ ಸಂಕೇತಗಳಿವೆ. 25 ಮಿ.ಮೀ. ಒಳವ್ಯಾಸದ ಬುಷ್ ಎಚ್7 ಹೊಂದಿಕೆಯದ್ದಾದರೆ 25.000ರಿಂದ 25.021ರೊಳಗೆ ಇರಬೇಕು. ಅದರೊಳಗೆ ತಿರುಗುವ ಜಿ6 ಶಾಫ್ಟು 24.980ರಿಂದ 24.993. ಅಂದರೆ ನಡುವಿನ ಸಂದು ಹೆಚ್ಚೆಂದರೆ 0.041 ಮಿ.ಮೀ. ನಿಮ್ಮ ಕೈಗೆ ಕೊಟ್ಟದ್ದು ಬಳಸಿ ಸವೆದು 25.050 ಆಗಿರುವ ಬುಷ್ ಆಗಿದ್ದರೆ, ಅದನ್ನೇ ನಿಖರವಾಗಿ ನಕಲು ಮಾಡಿದರೆ ಸಂದು 0.070ರವರೆಗೆ ಹೋಗುತ್ತದೆ. ಸಿಎಂಎಂ ಯಂತ್ರ ಎಷ್ಟೇ ಸರಿಯಾಗಿ ಅಳೆದರೂ ಅಳೆದದ್ದು ಸವೆತವನ್ನೇ. ಬಳಸದ ಸ್ಯಾಂಪಲ್ ಕೇಳಿ, ಒಂದಲ್ಲ, ಕನಿಷ್ಠ ಮೂರು ಕೇಳಿ. ಜೋಡಿಯಾಗುವ ಶಾಫ್ಟಿನ ಅಳತೆಯನ್ನೂ ಬರಹದಲ್ಲಿ ಕೇಳಿ. ಕೊಡಲೊಲ್ಲದಿದ್ದರೆ ಆ ಭಾಗ ಬಿಟ್ಟುಬಿಡುವುದೇ ಲಾಭ.

ಲೋಹದ್ದು ಇನ್ನೊಂದು ತಲೆನೋವು. ಸ್ಪೆಕ್ಟ್ರೋ ಪರೀಕ್ಷೆ ರಾಸಾಯನಿಕ ಅಂಶ ಹೇಳುತ್ತದೆ, ಶಾಖ ಸಂಸ್ಕರಣೆ ಯಾವುದೆಂದು ಹೇಳುವುದಿಲ್ಲ. 17-4 ಪಿಎಚ್ ಸ್ಟೇನ್‌ಲೆಸ್ ಸ್ಟೀಲು ಬಾರ್ ಆಗಿ ಬಂದ ಸ್ಥಿತಿಯಲ್ಲೂ, 482 ಡಿಗ್ರಿ ಸೆಲ್ಸಿಯಸ್‌ನಲ್ಲಿ ಒಂದು ಗಂಟೆ ಇಟ್ಟ ಎಚ್900 ಸ್ಥಿತಿಯಲ್ಲೂ ರಾಸಾಯನಿಕವಾಗಿ ಒಂದೇ. ಬಲದಲ್ಲಿ ಅಜಗಜಾಂತರ. ಆದ್ದರಿಂದ ಗಡಸುತನ ಪರೀಕ್ಷೆ ಬಿಡುವಂತಿಲ್ಲ. ಈ ಸಂಸ್ಕರಣೆಯಲ್ಲಿ ಲೋಹ ಸುಮಾರು 0.05 ಶೇಕಡಾ ಕುಗ್ಗುತ್ತದೆ, 100 ಮಿ.ಮೀ.ಗೆ 0.05 ಮಿ.ಮೀ. ದೋಣಿಯ ಕೆಲಸದಲ್ಲಿ ಇದನ್ನು ಯಾರೂ ಕೇಳುವುದಿಲ್ಲ, ಇಲ್ಲಿ ಇಡೀ ಲಾಟು ವಾಪಸು ಬರುತ್ತದೆ. ಮೊದಲು ರಫ್ ಮೆಷಿನಿಂಗ್, ಆಮೇಲೆ ಸಂಸ್ಕರಣೆ, ಕೊನೆಗೆ ಗ್ರೈಂಡಿಂಗ್. ಈ ಕ್ರಮ ತಪ್ಪಬಾರದು.

ಪ್ಲೇಟಿಂಗ್ ಬಂದರೆ ಮಂಗಳೂರಿನ ದೂರವೇ ದೋಷವಾಗುತ್ತದೆ. ಹೆಚ್ಚು ಗಡಸಾದ ಉಕ್ಕಿಗೆ ಕ್ಯಾಡ್ಮಿಯಂ ಲೇಪಿಸಿದಾಗ ಹೈಡ್ರೋಜನ್ ಒಳಹೊಕ್ಕು ಲೋಹ ಪೆಡಸಾಗಿ ಸುಲಭವಾಗಿ ಮುರಿಯುವಂತಾಗುತ್ತದೆ. ನೋಡಲು ಸರಿಯಾಗಿಯೇ ಇರುವ ಬೋಲ್ಟು ಬಿಗಿದಿಟ್ಟ ಮೇಲೆ ಗಂಟೆಗಳೋ ದಿನಗಳೋ ಕಳೆದು ತಾನಾಗಿ ತುಂಡಾಗಬಹುದು. ಇದನ್ನು ತಪ್ಪಿಸಲು ಲೇಪನ ಮುಗಿದ 4 ಗಂಟೆಯೊಳಗೆ ಸುಮಾರು 190 ಡಿಗ್ರಿಯ ಓವನ್ನಿಗೆ ಹಾಕಿ 23 ಗಂಟೆ ಬೇಯಿಸಬೇಕು. ಪೀಣ್ಯದಲ್ಲಿ ಲೇಪಿಸಿ ಬೈಕಂಪಾಡಿಗೆ ತಂದು ಬೇಯಿಸುತ್ತೇನೆ ಎಂದರೆ ಆಗುವುದಿಲ್ಲ ಮಾರಾಯ್ರೆ, 350 ಕಿ.ಮೀ. ದಾರಿ, ಶಿರಾಡಿ ಘಾಟಿ ತೆರೆದಿದ್ದರೂ ನಾಲ್ಕು ಗಂಟೆಯಲ್ಲಿ ಬರುವ ಮಾತೇ ಇಲ್ಲ. ಪ್ಲೇಟಿಂಗ್ ಮಾಡುವವನ ಹತ್ತಿರವೇ ಓವನ್ ಉಂಟೋ, ಅದರ ತಾಪಮಾನದ ಚಾರ್ಟು ಕೊಡುತ್ತಾನೋ ಎಂದು ದರ ಬರೆಯುವ ಮೊದಲೇ ಖಚಿತಪಡಿಸಿಕೊಳ್ಳಿ.

ಕರಾವಳಿಯಲ್ಲಿ ಪ್ರತಿವರ್ಷ ಜೂನ್ 1ರಿಂದ ಜುಲೈ 31ರವರೆಗೆ ಯಾಂತ್ರಿಕ ದೋಣಿಗಳ ಮೀನುಗಾರಿಕೆಗೆ ನಿಷೇಧ. ಮಂಗಳೂರು, ಮಲ್ಪೆಯ ದೋಣಿಗಳೆಲ್ಲ ದಡಕ್ಕೆ ಬಂದು ಶಾಫ್ಟು, ಪ್ರೊಪೆಲ್ಲರ್ ಬುಷ್ ಕೆಲಸಕ್ಕೆ ಸಾಲು ನಿಲ್ಲುವ ಕಾಲ ಅದು. ರಕ್ಷಣಾ ಆರ್ಡರಿನ ಗಡುವು ಆ ಎರಡು ತಿಂಗಳಲ್ಲಿ ಬಿದ್ದರೆ ಹಳೆಯ ಗಿರಾಕಿ ಹೋಗುತ್ತಾನೆ ಅಥವಾ ವಿಳಂಬ ದಂಡ ಬೀಳುತ್ತದೆ. ಮಳೆಗಾಲದ ಉಪ್ಪುಗಾಳಿಗೆ ಮೆಷಿನ್ ಮಾಡಿದ ಉಕ್ಕಿನ ಮೇಲೆ ಬೆರಳಿನ ಗುರುತು ಮರುದಿನವೇ ತುಕ್ಕಾಗಿ ಏಳುತ್ತದೆ. ಕೈಗವಸು, ತುಕ್ಕುನಿರೋಧಕ ಎಣ್ಣೆ, ತುಕ್ಕು ತಡೆಯುವ ಆವಿ ಬಿಡುವ ವಿಸಿಐ ಕಾಗದ, ಶಾಖದಿಂದ ಮುಚ್ಚಿದ ಚೀಲ: ಇವುಗಳ ಖರ್ಚನ್ನೂ ದರದೊಳಗೆ ಸೇರಿಸಿ.

ಕಾಗದಪತ್ರದ ಬಗ್ಗೆ ಹೆಚ್ಚು ಹೇಳಬೇಕಾಗಿಲ್ಲ. ಸಣ್ಣ ಉದ್ಯಮಗಳ ಉದ್ಯಮ್ ನೋಂದಣಿ, ಗುಣಮಟ್ಟದ ಐಎಸ್‌ಒ 9001 ಪ್ರಮಾಣಪತ್ರ, ಡಿಜಿಟಲ್ ಸಹಿ, ಸರಕಾರಿ ಖರೀದಿಯ ಜೆಮ್ ಪೋರ್ಟಲಿನ ಖಾತೆ ಇದ್ದರೆ ಶುರು ಮಾಡಬಹುದು. ಸಣ್ಣ ಉದ್ಯಮಕ್ಕೆ ಟೆಂಡರಿನ ಮುಂಗಡ ಠೇವಣಿ ಮಾಫಿ ಉಂಟು. ಆರ್ಡರ್ ಸಿಕ್ಕಿದ ಮೇಲೆ ಕಟ್ಟುವ ಭದ್ರತಾ ಠೇವಣಿಗೆ ಆ ಮಾಫಿ ಇಲ್ಲ, ಎರಡನ್ನೂ ಒಂದೇ ಎಂದುಕೊಳ್ಳುವವರು ಬಹಳ.

ಹಣ ಬರುವ ವಿಷಯದಲ್ಲಿ ಕಾನೂನು ಗಟ್ಟಿಯಾಗಿದೆ. 2006ರ ಎಂಎಸ್‌ಎಂಇ ಕಾಯ್ದೆಯ ಪ್ರಕಾರ ಒಪ್ಪಂದ ಏನೇ ಇರಲಿ 45 ದಿನ ಮೀರುವಂತಿಲ್ಲ. ಮೀರಿದರೆ ಬ್ಯಾಂಕ್ ದರದ ಮೂರು ಪಟ್ಟು ಬಡ್ಡಿ, ತಿಂಗಳಿಗೊಮ್ಮೆ ಚಕ್ರಬಡ್ಡಿ. ಮಾಲು ತಲುಪಿದ 15 ದಿನದೊಳಗೆ ಖರೀದಿದಾರ ಲಿಖಿತ ಆಕ್ಷೇಪ ಎತ್ತದಿದ್ದರೆ ಒಪ್ಪಿಕೊಂಡಂತೆ. ಈ ಕಾರಣಕ್ಕೆ ಡೆಲಿವರಿ ಚಲನ್ ಮೇಲೆ ಸೀಲು, ದಿನಾಂಕ ಇಲ್ಲದೆ ಗೇಟಿನಿಂದ ಹೊರಬರಬೇಡಿ. ಸಣ್ಣ ಉದ್ಯಮಗಳ ಬಿಲ್ಲಿಗೆ ಬ್ಯಾಂಕುಗಳು ಮುಂಚಿತವಾಗಿ ಹಣ ಕೊಡುವ ಟ್ರೆಡ್ಸ್ ಎಂಬ ಆನ್‌ಲೈನ್ ವೇದಿಕೆಯಲ್ಲಿ ಬಿಲ್ಲು ಹಾಕಿ ಮುಂಚೆಯೇ ಹಣ ಪಡೆಯಬಹುದು, ಆದರೆ ಖರೀದಿದಾರ ಅಲ್ಲಿ ಬಿಲ್ಲನ್ನು ಒಪ್ಪಿದರೆ ಮಾತ್ರ. ಬಡ್ಡಿಗೆ ಸರಕಾರದ ಆನ್‌ಲೈನ್ ಪೋರ್ಟಲಿನಲ್ಲಿ ದೂರು ಕೊಡುವ ದಾರಿಯೂ ಇದೆ. ಕೊಟ್ಟವನಿಗೆ ಮುಂದಿನ ಆರ್ಡರ್ ಬಂದೀತೇ ಎಂಬ ಅಳುಕೇ ಹೆಚ್ಚಿನವರನ್ನು ತಡೆಯುತ್ತದೆ.

ಇಷ್ಟು ನೋಡಿದ ಮೇಲೆ ಆ ಮೂಲ ವಾದಕ್ಕೆ ಬರಬಹುದು. ಯುರೋಪಿಯನ್ ಒಕ್ಕೂಟ 2024ರ ಮಾರ್ಚ್ ಒಳಗೆ ಉಕ್ರೇನಿಗೆ 10 ಲಕ್ಷ ಫಿರಂಗಿ ಗುಂಡು ಕೊಡುತ್ತೇನೆಂದಿತು. ಗಡುವಿಗೆ ತಲುಪಿದ್ದು ಸುಮಾರು ಅರ್ಧ. ಹಣ ಇತ್ತು, ರಾಜಕೀಯ ಇಚ್ಛೆಯೂ ಇತ್ತು. ಸಿಡಿಮದ್ದು, ನೋದಕ (ಗುಂಡನ್ನು ಮುಂದಕ್ಕೆ ತಳ್ಳುವ ಮದ್ದು) ಮಾಡುವ ಕಾರ್ಖಾನೆಗಳು ಸಾಕಷ್ಟು ಇರಲಿಲ್ಲ. ವರ್ಷಗಟ್ಟಲೆ ಆರ್ಡರ್ ಇಲ್ಲದೆ ಆ ಸಾಮರ್ಥ್ಯ ಕರಗಿಹೋಗಿತ್ತು, ಮುಂದಿನ ಆರ್ಡರಿನ ಖಾತರಿಯಿಲ್ಲದೆ ಹೊಸ ಘಟಕಕ್ಕೆ ಬಂಡವಾಳ ಹಾಕಲು ಕಂಪನಿಗಳು ಹಿಂಜರಿದವು. ಆಸ್ಪತ್ರೆಗೆ ಹೋಗಬೇಕಾದ ಹಣ ಫಿರಂಗಿಗೆ ಹೋಗುತ್ತದೆ ಎನ್ನುವವರ ಆಕ್ಷೇಪದಲ್ಲಿ ಹುರುಳಿದೆ. ಬಳಸದೆ ಕೊಳೆಯುವ ಸಾಮರ್ಥ್ಯಕ್ಕೆ ಸುರಿದ ಹಣ ಎರಡಕ್ಕೂ ಆಗದು. ಹೊಸ ಕಾರ್ಖಾನೆಯ ಶಂಕುಸ್ಥಾಪನೆಗಿಂತ ವರ್ಷಕ್ಕೆ 12 ಬುಷ್ ಎಂದು ಐದು ವರ್ಷಕ್ಕೆ ಬರೆದುಕೊಟ್ಟ ಆರ್ಡರೇ ಹೆಚ್ಚು ರಕ್ಷಣೆ ಎಂಬುದು ನಮ್ಮ ಅಭಿಪ್ರಾಯ.

ಸರಕಾರಕ್ಕೂ ಇದು ಅರ್ಥವಾಗಿರುವ ಲಕ್ಷಣ ಉಂಟು. 2025ರ ನವೆಂಬರ್ 1ರಿಂದ ಜಾರಿಗೆ ಬಂದ ಹೊಸ ರಕ್ಷಣಾ ಖರೀದಿ ಕೈಪಿಡಿಯಲ್ಲಿ ದೇಶೀಯವಾಗಿ ಅಭಿವೃದ್ಧಿಪಡಿಸಿದ ವಸ್ತುವಿಗೆ ಐದು ವರ್ಷದವರೆಗೆ ಪ್ರಮಾಣದ ಖಾತರಿ ಕೊಡುವ ಅವಕಾಶ ಇದೆ, ಅಭಿವೃದ್ಧಿಯ ಹಂತದಲ್ಲಿ ವಿಳಂಬ ದಂಡ ಇಲ್ಲ. ಆದರೆ ಸಾರ್ವಜನಿಕ ಉದ್ಯಮಗಳಿಗೆ ಅವುಗಳದ್ದೇ ಖರೀದಿ ನಿಯಮಗಳಿವೆ. ಆದ್ದರಿಂದ ಪಟ್ಟಿಯಲ್ಲಿರುವ ಭಾಗ ಯಾರದ್ದು, ಸೇನಾಪಡೆಯದ್ದೋ ಉದ್ಯಮದ್ದೋ ಎಂದು ಮೊದಲು ನೋಡಿ. ಖಾತರಿ ಕೇಳುವ ದಾರಿ ಅದರ ಮೇಲೆ ನಿಂತಿದೆ.

ಅಂಕ ಕೊಡುವುದಾದರೆ ಮಾಹಿತಿಯ ಕಣಜವಾಗಿ ಐದಕ್ಕೆ ನಾಲ್ಕು, ವ್ಯಾಪಾರ ತರುವ ಸಾಧನವಾಗಿ ಎರಡು. ರಬ್ಬರ್ ಸೀಲ್, ಗ್ಯಾಸ್ಕೆಟ್, ಬುಷ್, ಶೀಟ್‌ಮೆಟಲ್ ಬ್ರಾಕೆಟ್ ಮಾಡುವವರು, ಮಲ್ಪೆಯ ಹಡಗುಕಟ್ಟೆಯಂಥ ಕಡೆ ಈಗಾಗಲೇ ಸರ್ಟಿಫಿಕೇಟ್ ಸಮೇತ ಮಾಲು ಕೊಟ್ಟು ಅಭ್ಯಾಸ ಇರುವವರು ನೋಂದಾಯಿಸಿಕೊಳ್ಳಬಹುದು. ಇದನ್ನು ನಂಬಿ ಸಾಲದಲ್ಲಿ ಹೊಸ ಐದು ಆಕ್ಸಿಸ್ ಯಂತ್ರ ತರಲು ಹೊರಟವರು ಕೈಯಲ್ಲಿ ಆರ್ಡರ್ ಬರುವವರೆಗೆ ತಡೆಯಲಿ.