ಅಂಗೈ ಬೆವರಿಗೆ ಯಾವುದು ಮೇಲು: ಹಚ್ಚುವ ಔಷಧಿಯೋ, ಕರೆಂಟಿನ ಟ್ರೇಯೋ, ಬೊಟಾಕ್ಸೋ?

ಅಂಗೈ ಬೆವರಿಗೆ ಈ ಮೂರನ್ನೂ ನಾನು ಮಾಡಿ ನೋಡಿದ್ದೇನೆ. ಕೈ ಒಣಗಿಸುವುದರಲ್ಲಿ ಬೊಟಾಕ್ಸ್‌ಗೆ ಸಾಟಿಯಿಲ್ಲ. ಆದರೂ ವರ್ಷಪೂರ್ತಿ ನಾನು ನೆಚ್ಚಿಕೊಂಡಿರುವುದು ಕರೆಂಟಿನ ಟ್ರೇಯನ್ನು.

ನನ್ನ ಕೆಲಸ ಮೈಸೂರಿನ ದೇವರಾಜ ಅರಸು ರಸ್ತೆಯ ಒಂದು ಸೀರೆ ಅಂಗಡಿಯಲ್ಲಿ. ಕ್ರೇಪ್ ರೇಷ್ಮೆ ಮೇಲೆ ಹನಿ ನೀರು ಬಿದ್ದರೂ ಗುರುತು ಕಾಣುತ್ತದೆ. ಸೆರಗು ಬಿಡಿಸುವಾಗ ಹೆಬ್ಬೆರಳಿನ ಒದ್ದೆ ಅಚ್ಚು ಮೂಡಿದರೆ ಗಿರಾಕಿ ಆ ಸೀರೆಯನ್ನು ಪಕ್ಕಕ್ಕೆ ಸರಿಸಿ, "ಅಕ್ಕ, ಇದರಲ್ಲೇ ಬೇರೆ ಪೀಸ್ ಕೊಡಿ" ಅನ್ನುತ್ತಾರೆ. ಬೇಸಿಗೆಯಾದರೂ ಅಷ್ಟೇ, ಮಾಗಿಯ ಚಳಿಯಾದರೂ ಅಷ್ಟೇ.

ಚರ್ಮದ ಡಾಕ್ಟರು ಮೊದಲು ಕೊಟ್ಟಿದ್ದು ಅಲ್ಯೂಮಿನಿಯಂ ಕ್ಲೋರೈಡ್ ಲೋಷನ್. ರಾತ್ರಿ ಮಲಗುವ ಮುಂಚೆ ಪೂರ್ತಿ ಒಣಗಿದ ಚರ್ಮಕ್ಕೆ ಹಚ್ಚಿ, ಬೆಳಿಗ್ಗೆ ತೊಳೆಯಬೇಕು. ಇದು ಬೆವರು ಬರುವ ದಾರಿಯನ್ನೇ ಮುಚ್ಚುತ್ತದೆ. ಖರ್ಚು ಕಡಿಮೆ. ಕಂಕುಳಿಗೆ ಚೆನ್ನಾಗಿ ಹಿಡಿಯಿತು, ಅಂಗೈಗೆ ಅಷ್ಟಕ್ಕಷ್ಟೆ. ಅಂಗೈ ಚರ್ಮ ದಪ್ಪ, ಅಲ್ವಾ? ಬೆರಳ ಸಂದಿಯಲ್ಲಿ ಉರಿ, ನವೆ ಬೇರೆ.

ಆಮೇಲೆ ಟ್ರೇ. ಇದಕ್ಕೆ ಅಯಾಂಟೊಫೊರೆಸಿಸ್ ಅನ್ನುತ್ತಾರೆ. ಎರಡು ಟ್ರೇಗಳಲ್ಲಿ ಅಂಗೈ ಮುಳುಗುವಷ್ಟು ನೀರು, ಅದರಲ್ಲಿ ಸಣ್ಣ ಕರೆಂಟು. ನಲ್ಲಿ ನೀರೇ ಸರಿ. ಆರ್‌ಒ ನೀರಿನಲ್ಲಿ ಲವಣ ಇರುವುದಿಲ್ಲ, ಕರೆಂಟು ಸರಿಯಾಗಿ ಹರಿಯುವುದಿಲ್ಲ. ಬಳೆ, ಉಂಗುರ ತೆಗೆದಿಡಬೇಕು. ಗಾಯ ಇದ್ದರೆ ವ್ಯಾಸಲೀನ್ ಸವರಬೇಕು. ನಡುವೆ ಕೈ ಎತ್ತಿದರೆ ಚುರ್ ಅಂತ ಹೊಡೆಯುತ್ತದೆ. ಸುಮಾರು 20 ನಿಮಿಷ, ಶುರುವಿನಲ್ಲಿ ವಾರಕ್ಕೆ ಮೂರು ಸಲ. ಕೆಲವು ವಾರ ತಾಳ್ಮೆ ಬೇಕು. ಕೈ ಒಣಗಿದ ಮೇಲೆ ವಾರಕ್ಕೊಮ್ಮೆ ಸಾಕು. ಮಷೀನು ಮನೆಗೇ ತಂದರೆ ಮತ್ತೆ ಖರ್ಚಿಲ್ಲ. ಗರ್ಭಿಣಿಯರಿಗೆ, ಪೇಸ್‌ಮೇಕರ್ ಇರುವವರಿಗೆ ಇದು ಬೇಡ.

ಇನ್ನು ಬೊಟಾಕ್ಸ್. ಹೆಸರು ಕೇಳಿದ ತಕ್ಷಣ ಎಲ್ಲರಿಗೂ ಸಿನಿಮಾದವರ ಹಣೆಯ ಸುಕ್ಕೇ ನೆನಪಾಗುತ್ತದೆ. ಆದರೆ ಇದು ಮೊದಲು ಬಂದಿದ್ದು ಔಷಧಿಯಾಗಿ. ಅಮೆರಿಕದಲ್ಲಿ 1989ರಲ್ಲಿ ಮಾಲುಗಣ್ಣಿಗೆ ಮತ್ತು ತಾನಾಗೇ ಮುಚ್ಚಿಕೊಳ್ಳುವ ಕಣ್ಣುರೆಪ್ಪೆಗೆ ಒಪ್ಪಿಗೆ ಸಿಕ್ಕಿತು. ಹುಬ್ಬಿನ ನಡುವಿನ ಗೆರೆಗೆ ಸಿಕ್ಕಿದ್ದು 2002ರಲ್ಲಿ, ಕಂಕುಳ ಬೆವರಿಗೆ 2004ರಲ್ಲಿ. ಸ್ನಾಯುವಿಗೂ ಬೆವರಿನ ಗ್ರಂಥಿಗೂ ನರ ಸುದ್ದಿ ಕಳಿಸುವುದು ಅಸಿಟೈಲ್‌ಕೋಲಿನ್ ಅನ್ನುವ ಒಂದೇ ರಾಸಾಯನಿಕದಿಂದ. ಬೊಟಾಕ್ಸ್ ಅದನ್ನು ತಡೆಯುತ್ತದೆ. ಅದಕ್ಕೇ ಸುಕ್ಕಿಗೂ ಬೆವರಿಗೂ ಒಂದೇ ಸೂಜಿ.

ಡಾಕ್ಟರು ಮೊದಲು ಅಂಗೈಗೆ ಅಯೋಡಿನ್ ಬಳಿದು, ಒಣಗಿಸಿ, ಮೇಲೆ ಪಿಷ್ಟದ ಪುಡಿ ಉದುರಿಸಿದರು. ನೋಡ್ತಾ ನೋಡ್ತಾ ಬೆವರು ಬಂದ ಕಡೆಯೆಲ್ಲ ಕಡುನೀಲಿ ಚುಕ್ಕೆ. ಬೆರಳ ತುದಿಗಳಂತೂ ಪೂರ್ತಿ ಕಪ್ಪಾದವು. ಆ ಜಾಗಕ್ಕೆ ಪೆನ್ನಿನಿಂದ ಗುರುತು ಹಾಕಿ, ಒಂದೊಂದು ಸೆಂಟಿಮೀಟರ್ ದೂರಕ್ಕೆ ಸೂಜಿ ಚುಚ್ಚಿದರು. ಮಣಿಕಟ್ಟಿಗೆ ಮರಗಟ್ಟುವ ಇಂಜೆಕ್ಷನ್ ಕೊಟ್ಟಿರದಿದ್ದರೆ ತಡೆದುಕೊಳ್ಳುವುದು ಕಷ್ಟವಿತ್ತು. ವಾರದೊಳಗೆ ಕೈ ಒಣಗಿತು. ಬಿಲ್ ಬುಕ್ಕಿನ ಹಾಳೆ ಕೈಗೆ ಅಂಟಲಿಲ್ಲ. ಗಿರಾಕಿ ಎದುರು ಸೆರಗನ್ನು ಪೂರ್ತಿ ಹರಡಿ ಹಿಡಿದು ನಿಂತಾಗ ಆದ ಖುಷಿಯನ್ನು ಹೇಳಲಾರೆ.

ಆದರೆ ಹೆಬ್ಬೆರಳು, ತೋರುಬೆರಳಿನ ಹಿಡಿತ ಸಡಿಲವಾಯಿತು. ಜರಿ ಅಂಚಿನ ಭಾರದ ಸೀರೆಯನ್ನು ಚಿಟಿಕೆಯಲ್ಲಿ ಹಿಡಿದು ಮಡಚುವಾಗ ಜಾರುತ್ತಿತ್ತು. ಹೆಬ್ಬೆರಳ ಬುಡದ ಸ್ನಾಯುವಿಗೂ ಔಷಧಿ ತಾಗಿದರೆ ಹೀಗಾಗುತ್ತದೆ, ಕೆಲವು ವಾರದಲ್ಲಿ ತಾನಾಗೇ ಸರಿಹೋಗುತ್ತದೆ. ನನಗೂ ಹೋಯಿತು. ವೀಣೆ ನುಡಿಸುವವರು, ಟೈಲರಿಂಗ್ ಮಾಡುವವರು ಮಾತ್ರ ಇದನ್ನು ಮೊದಲೇ ಯೋಚಿಸಬೇಕು. ಅಂಗೈಯಲ್ಲಿ ಇದರ ಪ್ರಭಾವ ಸುಮಾರು ನಾಲ್ಕರಿಂದ ಆರು ತಿಂಗಳು. ಆಮೇಲೆ ಮತ್ತೆ ಸೂಜಿ, ಮತ್ತೆ ದುಡ್ಡು.

ಹಾಗಾಗಿ ನನ್ನ ಲೆಕ್ಕ ಇದು: ವರಮಹಾಲಕ್ಷ್ಮಿ ಹಬ್ಬದಿಂದ ದಸರಾವರೆಗೆ ಅಂಗಡಿಯಲ್ಲಿ ಉಸಿರಾಡಲೂ ಪುರುಸೊತ್ತಿರುವುದಿಲ್ಲ. ದುಡ್ಡು ಹೊಂದಿದ ವರ್ಷ ಆಷಾಢದಲ್ಲೇ ಬೊಟಾಕ್ಸ್ ಹಾಕಿಸುತ್ತೇನೆ. ಅಂಗಡಿ ಖಾಲಿ ಇರುವಾಗಲೇ ಬೆರಳು ಸುಧಾರಿಸಿಕೊಳ್ಳುತ್ತದೆ. ಉಳಿದ ದಿನಗಳಿಗೆ ಟ್ರೇ. ಕಂಕುಳ ಬೆವರಷ್ಟೇ ತೊಂದರೆಯಾಗಿದ್ದು, ಲೋಷನ್‌ಗೆ ಬಗ್ಗದಿದ್ದರೆ, ಧಾರಾಳವಾಗಿ ಬೊಟಾಕ್ಸ್‌ಗೆ ಹೋಗಿ. ಅಲ್ಲಿ ನೋವೂ ಕಡಿಮೆ, ಹಿಡಿತದ ಚಿಂತೆಯೂ ಇಲ್ಲ.

ನರ ಕತ್ತರಿಸುವ ಆಪರೇಷನ್ನೂ ಇದೆ. ಅದಾದ ಮೇಲೆ ಬೆನ್ನು, ಹೊಟ್ಟೆ, ತೊಡೆ ಜಾಸ್ತಿ ಬೆವರಬಹುದು ಅಂತ ಗೊತ್ತಾಗಿ ನಾನು ಆ ಕಡೆ ತಲೆ ಹಾಕಲಿಲ್ಲ.

ಬೊಟಾಕ್ಸ್ ಹಾಕಿಸುವುದಾದರೆ ಯಾವ ಕಂಪನಿಯದು, ಎಷ್ಟು ಯೂನಿಟ್ ಅಂತ ಚೀಟಿಯಲ್ಲಿ ಬರೆಸಿಕೊಳ್ಳಿ. ಒಂದು ಕಂಪನಿಯ 50 ಯೂನಿಟ್ ಇನ್ನೊಂದು ಕಂಪನಿಯ 50ಕ್ಕೆ ಸಮವಲ್ಲ. ಗರ್ಭಿಣಿಯಾಗಿದ್ದರೆ, ಮಗುವಿಗೆ ಹಾಲೂಡಿಸುತ್ತಿದ್ದರೆ, ಮಯಸ್ತೀನಿಯಾದಂಥ ಸ್ನಾಯು ದುರ್ಬಲತೆಯ ಕಾಯಿಲೆ ಇದ್ದರೆ ಡಾಕ್ಟರಿಗೆ ಮೊದಲೇ ತಿಳಿಸಿ.