ಮೂರು ವರ್ಷ ಬಳಸಿದ ಅಡುಗೆ ಥರ್ಮಾಮೀಟರ್: ಬೀದರ್‌ನ ಅಡುಗೆಮನೆಯಿಂದ

ನಮ್ಮ ಮನೆಯಲ್ಲಿ ಕೋಳಿಯ ಎದೆಭಾಗ ಪ್ರತಿ ಸಲವೂ ನಾರುನಾರಾಗಿ ಒಣಗುತ್ತಿತ್ತು. ಬಹಳ ಕಾಲ ನಾನು ಮಸಾಲೆಯದೇ ದೋಷವೆಂದು ನಂಬಿದ್ದೆ. ಮೂರು ವರ್ಷಗಳ ಹಿಂದೆ ಸುಮಾರು 700 ರೂಪಾಯಿ ಕೊಟ್ಟು, ಮೊನಚಾದ ಉಕ್ಕಿನ ಕಡ್ಡಿಯಿರುವ ಡಿಜಿಟಲ್ ಥರ್ಮಾಮೀಟರ್ ತರಿಸಿದ ಮೇಲೆ, ಹಸಿ ಉಳಿದೀತೆಂಬ ಭಯದಿಂದ ಅಗತ್ಯಕ್ಕಿಂತ ಹತ್ತು ನಿಮಿಷ ಹೆಚ್ಚಾಗಿಯೇ ಬೇಯಿಸುತ್ತಿದ್ದೆನೆಂದು ತಿಳಿಯಿತು.

ಮಾಂಸದ ಒಳಗಿನ ಬಿಸಿ 74 ಡಿಗ್ರಿ ಸೆಲ್ಸಿಯಸ್ ಮುಟ್ಟಿದರೆ ಕೋಳಿ ತಿನ್ನಲು ಸುರಕ್ಷಿತ. ಅದನ್ನು ದಾಟಿದಂತೆಲ್ಲ ಎದೆಭಾಗದ ಪ್ರೋಟೀನು ಇನ್ನಷ್ಟು ಬಿಗಿದುಕೊಂಡು ತನ್ನೊಳಗಿನ ನೀರನ್ನು ಹಿಂಡಿ ಹೊರಹಾಕುತ್ತದೆ. ತೊಡೆಯ ಮಾಂಸ ಹಾಗಲ್ಲ. ಅದರ ನಾರಿನಂಥ ಅಂಶ ಕರಗಿ ಮೆತ್ತಗಾಗಬೇಕಾದರೆ 80ರಿಂದ 85 ಡಿಗ್ರಿ ಬೇಕು. ಆದ್ದರಿಂದ ಎರಡನ್ನೂ ದಪ್ಪ ತಳದ ಒಂದೇ ಬೋಗುಣಿಯಲ್ಲಿಟ್ಟರೂ, ಎದೆಯ ದೊಡ್ಡ ತುಂಡುಗಳನ್ನು 71 ಡಿಗ್ರಿಗೇ ಹೊರತೆಗೆದು ಮುಚ್ಚಿಡುತ್ತೇನೆ. ಒಳಗಿನ ಕಾವಿನಿಂದಲೇ ಐದಾರು ನಿಮಿಷದಲ್ಲಿ ಅವು 74ಕ್ಕೆ ಏರುತ್ತವೆ. ಏರಿದೆಯೆಂದು ಮತ್ತೊಮ್ಮೆ ಕಡ್ಡಿ ಚುಚ್ಚಿ ನೋಡದೆ ಬಡಿಸುವುದಿಲ್ಲ. ಕಡ್ಡಿಯ ತುದಿ ತುಂಡಿನ ಅತಿ ದಪ್ಪ ಭಾಗದ ನಡುವಿಗೆ ಹೋಗಬೇಕು, ಎಲುಬಿಗೆ ತಾಗಬಾರದು. ತಾಗಿದರೆ ಅಂಕಿ ದಾರಿ ತಪ್ಪಿಸುತ್ತದೆ.

ಎಲುಬಿನ ಬಳಿ ಕೆಂಪು ಕಂಡರೆ ಬೆಂದಿಲ್ಲವೆಂದು ನಮ್ಮ ಮನೆಯ ಹಿರಿಯರು ಪಾತ್ರೆಯನ್ನು ಮತ್ತೆ ಒಲೆಗೇರಿಸುತ್ತಿದ್ದರು. ಎಳೆಯ ಕೋಳಿಯಲ್ಲಿ ಮೂಳೆಮಜ್ಜೆಯ ಬಣ್ಣ ಇಳಿದು, ಪೂರ್ತಿ ಬೆಂದ ಮಾಂಸವೂ ಕೆಂಪಾಗಿ ಕಾಣಬಹುದು. ಈ ವಾದವನ್ನು ಮುಗಿಸಿದ್ದು ಥರ್ಮಾಮೀಟರಿನ ಅಂಕಿಯೇ.

ರುಚಿಯ ಕೆಲಸವನ್ನು ಮಾತ್ರ ಉಪಕರಣ ಮಾಡದು. ಕಿಲೋ ಕೋಳಿಗೆ 12 ಗ್ರಾಂ ಉಪ್ಪು, ಮೊಸರು, ಶುಂಠಿ, ಬೆಳ್ಳುಳ್ಳಿ ಮತ್ತು ಖಾರದ ಪುಡಿ ಹಚ್ಚಿ ಒಂದು ರಾತ್ರಿ ಇಟ್ಟರೆ, ಉಪ್ಪು ಒಳಕ್ಕಿಳಿದು ಮಾಂಸ ನೀರನ್ನು ಹಿಡಿದಿಟ್ಟುಕೊಳ್ಳುತ್ತದೆ. ನಮ್ಮ ಕಡೆಯ ಬೇಸಿಗೆಯಲ್ಲಿ ಇದನ್ನು ಫ್ರಿಜ್ಜಿನ ಹೊರಗೆ ಇಡುವುದು ಅಪಾಯ.

ಅಂಕಿ ಸರಿಯಿದೆಯೇ ಎಂದು ಮೂರು ತಿಂಗಳಿಗೊಮ್ಮೆ ಮಂಜುಗಡ್ಡೆ ತುಂಬಿದ ನೀರಿನಲ್ಲಿ ಪರೀಕ್ಷಿಸುತ್ತೇನೆ. ಮೊದಲ ದಿನ ಕುದಿಯುವ ನೀರಿನಲ್ಲಿ 98 ತೋರಿಸಿದಾಗ ಉಪಕರಣ ಕೆಟ್ಟಿದೆಯೆಂದು ಮರಳಿಸಲು ಹೊರಟಿದ್ದೆ. ಆದರೆ ಬೀದರ್ ಸಮುದ್ರಮಟ್ಟದಿಂದ 600 ಮೀಟರಿಗಿಂತ ಎತ್ತರದಲ್ಲಿರುವುದರಿಂದ ಇಲ್ಲಿ ನೀರು ಕುದಿಯುವುದೇ ಅಷ್ಟಕ್ಕೆ.

ಕೊರತೆಗಳಿವೆ. ಜೋಳದ ರೊಟ್ಟಿಗೆಂದು ಮಾಡುವ ಸಾರಿನ ಸಣ್ಣ ತುಂಡುಗಳಿಗೆ ಇದು ಬಹುತೇಕ ನಿರುಪಯುಕ್ತ, ಏಕೆಂದರೆ ಕಡ್ಡಿ ಎಲುಬಿಗೆ ತಾಗದಿರುವ ಜಾಗವೇ ಅಲ್ಲಿ ಸಿಗುವುದಿಲ್ಲ. ಅಂಕಿ ಸ್ಥಿರವಾಗಲು ಐದಾರು ಸೆಕೆಂಡು ಹಿಡಿಯುತ್ತದೆ. ಎರಡನೆಯ ವರ್ಷ ಆವಿ ನುಗ್ಗಿ ಪರದೆ ಮಸುಕಾಯಿತು. ಅಂದಿನಿಂದ ಕಡ್ಡಿಯನ್ನಷ್ಟೇ ತೊಳೆದು, ಹಿಡಿಯನ್ನು ಬಟ್ಟೆಯಿಂದ ಒರೆಸುತ್ತೇನೆ. ಗುಂಡಿ ಬ್ಯಾಟರಿಯನ್ನು ಎರಡು ಸಲ ಬದಲಿಸಿದ್ದೇನೆ. ಕಳೆದ ವಾರ ಮಂಜುಗಡ್ಡೆಯ ನೀರಿನಲ್ಲಿ ಅದು 0.4 ತೋರಿಸಿತು, ಆದ್ದರಿಂದ ಹೊಸದನ್ನು ಕೊಳ್ಳುವ ಯೋಚನೆ ಸದ್ಯಕ್ಕಿಲ್ಲ.